ಹ್ಯಾರಿ ಫರ್ಗುಸನ್

ಐರ್ಲೆಂಡಿನ ಉತ್ತರ ಭಾಗದಲ್ಲಿ ಡೌನ್ ಎಂಬ ಸೀಮೆಯಿದೆ. ಹಸುರು ದಿಬ್ಬಗಳು, ಕಲ್ಲು ಬೆರೆತ ಮಣ್ಣು, ಚಿಕ್ಕ ಚಿಕ್ಕ ಹೊಲಗಳು, ಹಿಡಿದರೆ ಬಿಡದ ಜಡಿಮಳೆ, ಇದು ಆ ಸೀಮೆಯ ಚಿತ್ರ. ಅಲ್ಲಿಯ ಡ್ರೊಮೋರ್ ಪಟ್ಟಣದ ಬಳಿಯಿರುವ ಗ್ರೋವೆಲ್ ಎಂಬಲ್ಲಿ ೧೮೮೪ನೆಯ ನವೆಂಬರ್ ೪ರಂದು ಹ್ಯಾರಿ ಫರ್ಗುಸನ್ ಜನಿಸಿದನು. ತಂದೆ ಜೇಮ್ಸ್ ಒಕ್ಕಲುತನದಿಂದ ಜೀವಿಸುತ್ತಿದ್ದವನು. ದೈವಭಕ್ತ, ಕಟ್ಟುನಿಟ್ಟಿನ ಮನುಷ್ಯ. ಹನ್ನೊಂದು ಮಕ್ಕಳ ಆ ತುಂಬು ಸಂಸಾರದಲ್ಲಿ ಹ್ಯಾರಿ ನಾಲ್ಕನೆಯವನು. ಕುದುರೆಯ ಹಿಂದೆ ನೇಗಿಲಿನ ಮೇಣಿ ಹಿಡಿದು ಬೆಳಗಿನಿಂದ ಸಂಜೆಯವರೆಗೆ ನಡೆಯುವ ದುಡಿತ ಸಣ್ಣ ಮೈಕಟ್ಟಿನ ಆ ಹುಡುಗನಿಗೆ ಎಳ್ಳಷ್ಟೂ ಹಿಡಿಸುತ್ತಿರಲಿಲ್ಲ. ಎಳೆಯ ವಯಸ್ಸಿನಲ್ಲೇ ಶಾಲೆ ಬಿಟ್ಟು ಹೊಲಕ್ಕಿಳಿದವನು ಅಲ್ಲಿಂದ ಪಾರಾಗುವ ದಾರಿಯನ್ನು ಹುಡುಕುತ್ತಿದ್ದನು. ಮುಂದೆ ಉಳುಮೆಯ ರೀತಿಯನ್ನೇ ಬದಲಿಸಿದವನು ಉಳುಮೆಗೆ ಬೆನ್ನು ತಿರುಗಿಸಿ ಮನೆ ಬಿಟ್ಟವನೆಂಬುದು ಸೋಜಿಗವೇ ಸರಿ.

೧೯೦೨ರಲ್ಲಿ ಅವನಿಗೆ ಆ ದಾರಿ ದೊರೆಯಿತು. ಅಣ್ಣ ಜೋ ಬೆಲ್‌ಫಾಸ್ಟ್ ನಗರದಲ್ಲಿ ಸೈಕಲ್ ಮತ್ತು ಮೋಟಾರುಗಳನ್ನು ದುರಸ್ತಿ ಮಾಡುವ ಅಂಗಡಿಯನ್ನು ಇಟ್ಟಿದ್ದನು. ಹ್ಯಾರಿ ಅಲ್ಲಿ ಕೆಲಸಕ್ಕೆ ಸೇರಿದನು. ಎಂಜಿನಿನ ಸದ್ದು ಕೇಳಿ ಅದರ ರೋಗವನ್ನು ಹೇಳುವ ಕೌಶಲ ಅವನಿಗೆ ಬಹುಬೇಗ ಬಂದಿತು. ಮೋಟಾರ್ ಸೈಕಲ್ ಮತ್ತು ಕಾರುಗಳ ಪಂದ್ಯಗಳಲ್ಲಿ ಓಡಿಸಿ ಅಂಗಡಿಗೆ ಹೆಸರು ತಂದನು. ಅಷ್ಟರಲ್ಲಿ ರೈಟ್ ಸಹೋದರರ ವಿಮಾನದ ಸುದ್ದಿ ಯೂರೋಪಿನಲ್ಲೆಲ್ಲ ಹರಡಿತ್ತು. ತಾನೂ ಹಾರಬೇಕೆಂದು ಹ್ಯಾರಿ ಹಟ ತೊಟ್ಟನು. ತನ್ನ ಕೈಯಿಂದಲೇ ಒಂದು ವಿಮಾನವನ್ನು ಕಟ್ಟಿ, ೧೯೦೯ನೆಯ ಡಿಸೆಂಬರ್ ೩೧ರಂದು, ಬಿರುಗಾಳಿ ಬೀಸುತ್ತಿದ್ದರೂ ಲೆಕ್ಕಿಸದೆ, ಹಿಲ್ಸ್‌ಬರೋ ಎಂಬಲ್ಲಿ ಸುಮಾರು ೧೩೦ ಗಜಗಳಷ್ಟು ದೂರ ಹಾರಿಸಿದನು. ಐರ್ಲೆಂಡಿನಲ್ಲಿ ವಿಮಾನ ಹಾರಿಸಿದವರಲ್ಲಿ ಅವನೇ ಮೊದಲಿಗ. ಆಗ ಅವನಿಗೆ ಇಪ್ಪತ್ತೈದು ವರ್ಷ. ಹಾರಾಟದ ಗೀಳು ಒಂದೆರಡು ವರ್ಷಗಳಲ್ಲಿ ಇಳಿಯಿತು. ೧೯೧೧ರಲ್ಲಿ ಅವನು ತನ್ನದೇ ಆದ ಮೋಟಾರು ವ್ಯಾಪಾರವನ್ನು ತೆರೆದನು. ಅಲ್ಲಿ ಅವನ ಜೊತೆಗೆ ನಿಂತವನು ವಿಲಿಯಂ ಸ್ಯಾಂಡ್ಸ್ ಎಂಬ ಕುಶಲ ಕೆಲಸಗಾರ. ಫರ್ಗುಸನ್ ಕಂಡ ಕನಸುಗಳಿಗೆ ಕಬ್ಬಿಣದಲ್ಲಿ ರೂಪ ಕೊಟ್ಟ ಕೈ ಬಹುಪಾಲು ಈ ಸ್ಯಾಂಡ್ಸನದು. ಆದರೂ ಅವನ ಹೆಸರನ್ನು ಬಲ್ಲವರು ಇಂದು ವಿರಳ.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿಗೆ ಆಹಾರದ ಕೊರತೆಯ ಭೀತಿ ಉಂಟಾಯಿತು. ಹೊಲದ ಕುದುರೆಗಳೂ ಆಳುಗಳೂ ಯುದ್ಧಕ್ಕೆ ಹೋಗಿದ್ದರು. ಟ್ರಾಕ್ಟರುಗಳಿಂದ ಉಳುಮೆ ಮಾಡಿಸಲು ಸರ್ಕಾರ ಮುಂದಾಯಿತು. ಐರ್ಲೆಂಡಿನ ಟ್ರಾಕ್ಟರುಗಳು ಸರಿಯಾಗಿ ಕೆಲಸ ಮಾಡುವಂತೆ ನೋಡಿಕೊಳ್ಳುವ ಹೊಣೆ ೧೯೧೭ರಲ್ಲಿ ಫರ್ಗುಸನ್ನನಿಗೆ ಬಂದಿತು. ಅವನೂ ಸ್ಯಾಂಡ್ಸನೂ ಹಳ್ಳಿಯಿಂದ ಹಳ್ಳಿಗೆ ಸಂಚರಿಸಿದರು. ಅವರು ಕಂಡ ನೋಟ ಸಂತೋಷಕರವಾಗಿರಲಿಲ್ಲ. ಆಗಿನ ಟ್ರಾಕ್ಟರು ಕಬ್ಬಿಣದ ಕುದುರೆಯಷ್ಟೆ; ಅದರ ಬಾಲಕ್ಕೆ ಸರಪಳಿ ಕಟ್ಟಿ ನೇಗಿಲನ್ನು ಎಳೆಸುತ್ತಿದ್ದರು. ಚಕ್ರಗಳು ಜಾರದಿರಲೆಂದು ಯಂತ್ರವನ್ನು ಬಹಳ ಭಾರವಾಗಿ ಮಾಡುತ್ತಿದ್ದರು. ಆ ಭಾರವೇ ಹೊಲದ ಮಣ್ಣನ್ನು ಅದುಮಿ ಗಟ್ಟಿಮಾಡುತ್ತಿತ್ತು. ಇದಕ್ಕಿಂತ ಭಯಂಕರವಾದುದು ಇನ್ನೊಂದಿತ್ತು. ನೇಗಿಲ ಗುಳ ನೆಲದೊಳಗಿನ ಬಂಡೆಗೆ ತಾಗಿ ನಿಂತಿತೆಂದರೆ ಹಿಂದಿನ ಚಕ್ರಗಳು ತಿರುಗಲಾರವು. ಎಂಜಿನ್ ಮಾತ್ರ ತಿರುಗಿಸುತ್ತಲೇ ಇರುತ್ತದೆ. ಆಗ ಟ್ರಾಕ್ಟರಿನ ಮುಂಭಾಗ ಗಾಳಿಗೆದ್ದು, ಇಡೀ ಯಂತ್ರ ಹಿಂದಕ್ಕೆ ಮಗುಚಿ ನಡೆಸುವವನ ಮೇಲೆ ಬೀಳುತ್ತಿತ್ತು. ಹೀಗೆ ಎಷ್ಟೋ ರೈತರು ತಮ್ಮ ಹೊಲದಲ್ಲೇ ಪ್ರಾಣ ಬಿಟ್ಟರು.

ನೇಗಿಲನ್ನು ಎಳೆಯುವ ಯಂತ್ರ ಬೇರೆ, ನೇಗಿಲು ಬೇರೆ ಎಂಬ ಎಣಿಕೆಯೇ ತಪ್ಪೆಂದು ಫರ್ಗುಸನ್ ತೀರ್ಮಾನಿಸಿದನು. ಎರಡೂ ಒಂದೇ ದೇಹದ ಅಂಗಗಳಂತೆ ಕೂಡಿರಬೇಕು; ನೇಗಿಲಿನ ಭಾರವೂ ಮಣ್ಣಿನ ಎದುರೊತ್ತೂ ಚಕ್ರಗಳಿಗೆ ಹಿಡಿತವನ್ನು ಕೊಡಬೇಕು; ಹಾಗಾದರೆ ಹಗುರವಾದ, ಬಡ ರೈತನೂ ಕೊಳ್ಳಬಹುದಾದ ಟ್ರಾಕ್ಟರು ಭಾರಿ ಯಂತ್ರದ ಕೆಲಸವನ್ನು ಮಾಡಬಲ್ಲುದು. ಈ ಒಂದು ವಿಚಾರವನ್ನು ಕಾರ್ಯರೂಪಕ್ಕೆ ತರಲು ಅವನಿಗೂ ಸ್ಯಾಂಡ್ಸನಿಗೂ ಹದಿನೈದು ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯಿತು. ಸನ್ನೆಕೋಲು, ಸ್ಪ್ರಿಂಗು, ಬಗೆಬಗೆಯ ಕೊಂಡಿಗಳು ಎಲ್ಲವನ್ನೂ ಪರೀಕ್ಷಿಸಿ, ಕೊನೆಗೆ ಅವರು ಎಣ್ಣೆಯ ಒತ್ತಡವನ್ನು ನೆಚ್ಚಿದರು. ೧೯೩೩ರಲ್ಲಿ ಬೆಲ್‌ಫಾಸ್ಟಿನ ಕಾರ್ಯಾಗಾರದಲ್ಲಿ ಕಪ್ಪು ಬಣ್ಣದ ಒಂದು ಮಾದರಿ ಟ್ರಾಕ್ಟರು ಸಿದ್ಧವಾಯಿತು.

ಅದರ ರಚನೆಯನ್ನು ತಿಳಿಯುವುದು ಕಷ್ಟವಲ್ಲ. ಟ್ರಾಕ್ಟರಿನ ಹಿಂದೆ ಮೂರು ತೋಳುಗಳು. ಕೆಳಗೆ ಎರಡು, ನಡುವೆ ಮೇಲೊಂದು. ಕೆಳಗಿನವು ನೇಗಿಲನ್ನು ಎಳೆಯುತ್ತವೆ, ಎತ್ತುತ್ತವೆ. ಎತ್ತುವ ಬಲ ಬರುವುದು ಎಣ್ಣೆಯಿಂದ. ಒಂದು ಚಿಕ್ಕ ಪಂಪು ಎಣ್ಣೆಯನ್ನು ಹೀರಿ ಸಿಲಿಂಡರಿಗೆ ನೂಕುತ್ತದೆ. ಎಣ್ಣೆ ಕುಗ್ಗುವ ವಸ್ತುವಲ್ಲವಾದ್ದರಿಂದ ಅಲ್ಲಿಯ ಪಿಸ್ಟನ್ನು ಸರಿದು ತೋಳುಗಳನ್ನು ಮೇಲೆತ್ತುತ್ತದೆ. ಇದನ್ನೇ ಹೈಡ್ರಾಲಿಕ್ ವ್ಯವಸ್ಥೆ ಎನ್ನುವರು. ಫರ್ಗುಸನ್ನನ ಜಾಣ್ಮೆ ಇರುವುದು ಮೇಲಿನ ತೋಳಿನಲ್ಲಿ. ಮಣ್ಣು ಬಿಗಿಯಾದಂತೆ ನೇಗಿಲು ಮುಂದಕ್ಕೆ ವಾಲಿ ಈ ತೋಳನ್ನು ಒತ್ತುತ್ತದೆ. ಆ ಒತ್ತು ಒಂದು ಸ್ಪ್ರಿಂಗನ್ನು ಅದುಮಿ, ಎಣ್ಣೆಯ ದಾರಿಯನ್ನು ತೆರೆಯುತ್ತದೆ; ನೇಗಿಲು ತುಸು ಮೇಲೇರುತ್ತದೆ. ಮಣ್ಣು ಸಡಿಲವಾದೊಡನೆ ತಾನಾಗಿ ಇಳಿಯುತ್ತದೆ. ಬಂಡೆಗೆ ತಾಗಿದರೆ ಅದೇ ತೋಳು ಟ್ರಾಕ್ಟರಿನ ಮುಂಭಾಗವನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ಎಣ್ಣೆಯ ಒತ್ತಡ ಬಿಟ್ಟುಹೋಗಿ, ಹಿಂದಿನ ಚಕ್ರಗಳ ಮೇಲಿನ ಭಾರ ಇಳಿದು, ಅವು ನಿಂತಲ್ಲೇ ಜಾರುತ್ತವೆ. ರೈತನು ಬದುಕುತ್ತಾನೆ.

೧೯೩೬ರಲ್ಲಿ ಇಂಗ್ಲೆಂಡಿನ ಡೇವಿಡ್ ಬ್ರೌನ್ ಎಂಬ ಉದ್ಯಮಿಯೊಡಗೂಡಿ ಅವನು ಈ ಟ್ರಾಕ್ಟರನ್ನು ಮಾರಾಟಕ್ಕೆ ತಂದನು. ಸುಮಾರು ೧೩೫೦ ಟ್ರಾಕ್ಟರುಗಳು ತಯಾರಾದುವು. ಆದರೆ ಇಬ್ಬರಿಗೂ ಹೊಂದಿಕೆಯಾಗಲಿಲ್ಲ. ೧೯೩೮ರ ಅಕ್ಟೋಬರಿನಲ್ಲಿ ಫರ್ಗುಸನ್ ತನ್ನ ಟ್ರಾಕ್ಟರನ್ನು ಹಡಗಿನಲ್ಲಿ ಅಮೆರಿಕಕ್ಕೆ ಸಾಗಿಸಿ ಹೆನ್ರಿ ಫೋರ್ಡನ ಹೊಲದಲ್ಲಿ ಉತ್ತು ತೋರಿಸಿದನು. ಬಳಿಕ ಅಲ್ಲೇ ಒಂದು ಮೇಜಿನ ಮೇಲೆ, ಕೀಲಿ ಕೊಟ್ಟರೆ ಓಡುವ ಚಿಕ್ಕ ಮಾದರಿಯನ್ನಿರಿಸಿ ತತ್ತ್ವವನ್ನು ವಿವರಿಸಿದನು. ಫೋರ್ಡನೂ ರೈತನ ಮಗನೇ. ಕಾಗದ ಪತ್ರವಿಲ್ಲದೆ ಕೈಕುಲುಕಿ ಇಬ್ಬರೂ ಒಪ್ಪಂದ ಮಾಡಿಕೊಂಡರು. ೧೯೩೯ರಿಂದ ಅಮೆರಿಕದಲ್ಲಿ ಆ ಬಗೆಯ ಟ್ರಾಕ್ಟರುಗಳು ಮೂರು ಲಕ್ಷಕ್ಕೂ ಹೆಚ್ಚು ತಯಾರಾದುವು. ಯುದ್ಧ ಮುಗಿದ ಮೇಲೆ, ೧೯೪೬ರಲ್ಲಿ, ಇಂಗ್ಲೆಂಡಿನ ಕೊವೆಂಟ್ರಿ ನಗರದಲ್ಲಿ ಸ್ಟ್ಯಾಂಡರ್ಡ್ ಮೋಟಾರ್ ಕಂಪನಿಯ ಕಾರ್ಖಾನೆಯಿಂದ ಟಿ.ಇ. ೨೦ ಎಂಬ ಬೂದು ಬಣ್ಣದ ಟ್ರಾಕ್ಟರು ಹೊರಬಿದ್ದಿತು. ತೂಕ ಸುಮಾರು ೧೧೦೦ ಕಿಲೋಗ್ರಾಂ ಮಾತ್ರ. ೧೯೫೬ರವರೆಗೆ ಇಂಥವು ಐದು ಲಕ್ಷದ ಹದಿನೇಳು ಸಾವಿರಕ್ಕೂ ಮಿಕ್ಕಿ ತಯಾರಾಗಿ ದೇಶದೇಶಗಳಿಗೆ ಹೋದುವು.

ಫರ್ಗುಸನ್ ಅಚ್ಚುಕಟ್ಟಿನ ವಿಷಯದಲ್ಲಿ ಹಟಮಾರಿ. ಒಂದು ತಿರುಪು ಹೆಚ್ಚಾದರೂ ಸಹಿಸನು. ರೈತನು ಕಮ್ಮಾರನನ್ನಾಗಲಿ ಯಂತ್ರಶಿಲ್ಪಿಯನ್ನಾಗಲಿ ಕಾಯದೆ ತನ್ನ ಯಂತ್ರವನ್ನು ತಾನೇ ಸರಿಪಡಿಸಿಕೊಳ್ಳಬೇಕೆಂಬುದು ಅವನ ಇಚ್ಛೆ. ಅದಕ್ಕಾಗಿ ಟ್ರಾಕ್ಟರಿನ ಜೊತೆ ಒಂದು ಸ್ಪ್ಯಾನರನ್ನು ಕೊಡುತ್ತಿದ್ದನು. ನೇಗಿಲಿನ ನಟ್ಟುಗಳನ್ನು ತಿರುಗಿಸಲು ಅದು ಸಾಕು. ಅದರ ಮೇಲೆ ಅಂಗುಲದ ಗುರುತುಗಳಿದ್ದುದರಿಂದ ತೊಟ್ಟಿಯಲ್ಲಿ ಉಳಿದ ಇಂಧನವನ್ನೂ ಅಳೆಯಬಹುದಾಗಿತ್ತು. ಮಾರಾಟಗಾರರಿಗೂ ಕೆಲಸಗಾರರಿಗೂ ತರಬೇತಿ ಕೊಡಲು ಸ್ಟೋನ್ಲೀ ಎಂಬಲ್ಲಿ ಒಂದು ಶಾಲೆಯನ್ನೇ ನಡೆಸಿದನು.

ಈ ಸರಳತೆಯ ನಿಜವಾದ ಪರೀಕ್ಷೆ ನಡೆದದ್ದು ಚಳಿಯ ನಾಡುಗಳಲ್ಲಿ. ಸ್ವೀಡನ್ನಿನ ರೈತರು ಈ ಟ್ರಾಕ್ಟರನ್ನು ಬೂದು ಕುದುರೆಗೆ ಇಡುವ ಮುದ್ದಿನ ಹೆಸರಾದ ಗ್ರೋಲ್ಲೆ ಎಂದು ಕರೆದರು. ನಾರ್ವೆಯಲ್ಲಿಯೂ ಅದು ಮನೆಮಾತಾಯಿತು. ಅಲ್ಲಿ ತಿಂಗಳುಗಟ್ಟಲೆ ನೆಲ ಹೆಪ್ಪುಗಟ್ಟಿರುತ್ತದೆ. ಉಳುಮೆ ಇಲ್ಲದಿದ್ದರೂ ಟ್ರಾಕ್ಟರಿಗೆ ಬಿಡುವಿಲ್ಲ: ದಾರಿಯ ಹಿಮವನ್ನು ಸರಿಸಬೇಕು, ಕಾಡಿನಿಂದ ಮರ ತರಬೇಕು, ದನಗಳಿಗೆ ಮೇವು ಸಾಗಿಸಬೇಕು. ಇವುಗಳಲ್ಲಿ ಹಲವು ಕೆಲಸಗಳಿಗೆ ಎಣ್ಣೆಯ ಬಲದಿಂದ ಏಳುವ ತೋಳುಗಳೇ ಆಧಾರ. ತೋಳು ಏಳದಿದ್ದರೆ ಆ ದಿನದ ಬದುಕು ನಿಂತಂತೆಯೇ.

ಫರ್ಗುಸನ್ನನ ಟ್ರಾಕ್ಟರಿನಲ್ಲಿ ಗೇರುಗಳಿಗೂ ಹಿಂದಿನ ಅಚ್ಚಿಗೂ ಹೈಡ್ರಾಲಿಕ್ ಪಂಪಿಗೂ ಒಂದೇ ಎಣ್ಣೆ. ಎಲ್ಲವೂ ಒಂದೇ ಒಡಲೊಳಗೆ ಮುಳುಗಿವೆ. ಇದು ಮಿತವ್ಯಯದ ಏರ್ಪಾಡು. ಆದರೆ ಕೊರೆಯುವ ಚಳಿಯಲ್ಲಿ ಇದಕ್ಕೆ ಇಬ್ಬರು ಶತ್ರುಗಳು. ಮೊದಲನೆಯದು ಎಣ್ಣೆಯ ಮಂದತೆ. ಮಾಗಿಯ ಬೆಳಗಿನಲ್ಲಿ ಕೊಬ್ಬರಿ ಎಣ್ಣೆ ಸೀಸೆಯಿಂದ ಬೀಳಲು ಒಲ್ಲದಿರುವುದನ್ನು ನಮ್ಮ ಮನೆಗಳಲ್ಲಿ ಕಾಣುತ್ತೇವೆ. ಯಂತ್ರದ ಎಣ್ಣೆ ಹಾಗೆ ಹೆಪ್ಪುಗಟ್ಟದಿದ್ದರೂ ಜೇನಿನಂತೆ ದಪ್ಪವಾಗುತ್ತದೆ. ಈ ಟ್ರಾಕ್ಟರಿನಲ್ಲಿ ಎಣ್ಣೆಯನ್ನು ತಡೆದು ಬಿಡುವ ಕವಾಟ ಇರುವುದು ಪಂಪು ಹೀರುವ ಕಡೆಯಲ್ಲಿ. ದಪ್ಪ ಎಣ್ಣೆ ಆ ಕಿರಿದಾದ ದಾರಿಯಲ್ಲಿ ಬೇಗ ಸಾಗದು. ಪಂಪಿಗೆ ಬೇಕಾದಷ್ಟು ದೊರೆಯದು. ತೋಳುಗಳು ತಡವರಿಸುತ್ತ ಏಳುತ್ತವೆ, ಇಲ್ಲವೆ ಏಳುವುದೇ ಇಲ್ಲ. ಅವಸರ ಮಾಡಿ ಎಂಜಿನನ್ನು ಜೋರಾಗಿ ಓಡಿಸಿದರೆ ಪಂಪು ಬರಿದೆ ಹೀರಿ ಸವೆಯುತ್ತದೆ. ಆದುದರಿಂದ ಬಲ್ಲವರು ಮುಂಚಿತವಾಗಿಯೇ ಚಳಿಗಾಲಕ್ಕೆ ತಕ್ಕ ತೆಳು ಎಣ್ಣೆಯನ್ನು ತುಂಬುತ್ತಾರೆ. ಕ್ಲಚ್ಚನ್ನು ತುಳಿದೇ ಎಂಜಿನನ್ನು ಎಬ್ಬಿಸುತ್ತಾರೆ, ಏಕೆಂದರೆ ಆಗ ಅದು ಮಂದ ಎಣ್ಣೆಯಲ್ಲಿ ಮುಳುಗಿದ ಗೇರುಗಳನ್ನು ತಿರುಗಿಸಬೇಕಾಗಿಲ್ಲ. ಬಳಿಕ ಕ್ಲಚ್ಚನ್ನು ಮೆಲ್ಲನೆ ಬಿಡುತ್ತಾರೆ. ಬೇರೆ ಯಂತ್ರಗಳನ್ನು ತಿರುಗಿಸಲು ಹಿಂಬದಿಯಲ್ಲಿರುವ, ರೈತರು ಪಿ.ಟಿ.ಓ. ಎನ್ನುವ ದಂಡವನ್ನು ಜೋಡಿಸಿದರೆ ಮಾತ್ರ ಪಂಪು ನಡೆಯುತ್ತದೆ. ಹಾಗೆ ಜೋಡಿಸಿ, ಭಾರವನ್ನೇನೂ ಎತ್ತದೆ, ಎಣ್ಣೆ ಬೆಚ್ಚಗಾಗುವ ತನಕ ಎಂಜಿನನ್ನು ಮೆಲ್ಲಗೆ ಓಡಲು ಬಿಡುತ್ತಾರೆ.

ಎರಡನೆಯ ಶತ್ರು ನೀರು. ಇದು ಮೊದಲನೆಯದಕ್ಕಿಂತ ಕೆಟ್ಟದ್ದು, ಏಕೆಂದರೆ ಕಣ್ಣಿಗೆ ಬೀಳದೆ ಒಳಸೇರುತ್ತದೆ. ದುಡಿದು ಬಿಸಿಯಾದ ಯಂತ್ರ ರಾತ್ರಿ ತಣ್ಣಗಾದಾಗ ಒಳಗಿನ ಗಾಳಿಯ ತೇವ ಹನಿಗಟ್ಟಿ ಎಣ್ಣೆಗೆ ಇಳಿಯುತ್ತದೆ. ಹಳೆಯ ಟ್ರಾಕ್ಟರಿನಲ್ಲಿ ಗೇರುಕೋಲಿನ ಬುಡದ ರಬ್ಬರು ಬಿರಿದಿದ್ದರೆ ಮಳೆಯ ನೀರೂ ಅಲ್ಲಿಂದ ಒಳಗೆ ಸೋರುತ್ತದೆ. ಯಂತ್ರ ಓಡುವಾಗ ನೀರೂ ಎಣ್ಣೆಯೂ ಕಡೆದಂತಾಗಿ ಹಾಲಿನ ಬಣ್ಣ ತಾಳುತ್ತವೆ. ನಿಂತಾಗ ಭಾರವಾದ ನೀರು ತಳಕ್ಕೆ ಇಳಿಯುತ್ತದೆ. ಪಂಪು ಇರುವುದೂ ಆ ತಳದಲ್ಲಿಯೇ. ಶೂನ್ಯಕ್ಕಿಂತ ಕೆಳಗಿನ ಚಳಿಯಲ್ಲಿ ಅಲ್ಲಿ ಮಂಜುಗಡ್ಡೆ ಕಟ್ಟಿ, ಕವಾಟವನ್ನೂ ಜರಡಿಯನ್ನೂ ಬಿಗಿಹಿಡಿಯುತ್ತದೆ. ಇದನ್ನರಿಯದೆ ಬಲವಂತವಾಗಿ ತಿರುಗಿಸಿದರೆ ಪಂಪಿನ ಅಂಗಗಳೇ ಮುರಿಯುತ್ತವೆ. ಚಳಿ ಇಳಿಯುವುದಕ್ಕೆ ಮೊದಲೇ, ಟ್ರಾಕ್ಟರನ್ನು ಕೆಲವು ದಿನ ಅಲುಗಾಡಿಸದೆ ನಿಲ್ಲಿಸಿ, ತಳದ ಬಿರಡೆಯನ್ನು ಮೆಲ್ಲನೆ ಸಡಿಲಿಸಬೇಕು. ಮೊದಲು ನೀರು ಬರುತ್ತದೆ. ಎಣ್ಣೆ ಕಾಣಿಸಿದ ಕೂಡಲೆ ಬಿಗಿಯಬೇಕು. ಎಣ್ಣೆ ಪೂರ್ತಿ ಬೆಳ್ಳಗಾಗಿದ್ದರೆ ಬದಲಿಸುವುದೊಂದೇ ದಾರಿ. ಗಡ್ಡೆ ಕಟ್ಟಿದ ಮೇಲೆ ಬಿರಡೆ ತೆಗೆದರೂ ಏನೂ ಹೊರಬಾರದು. ಟ್ರಾಕ್ಟರನ್ನು ಬೆಚ್ಚನೆಯ ಕೊಟ್ಟಿಗೆಗೆ ತಳ್ಳಿ, ತಾನಾಗಿ ಕರಗುವವರೆಗೆ ಕಾಯಬೇಕು. ತಾಳ್ಮೆಗೆಟ್ಟು ಅಡಿಯಲ್ಲಿ ಬೆಂಕಿ ಹಾಕುವುದು ಪೆಟ್ರೋಲಿನ ಯಂತ್ರದ ಬಳಿ ಎಂಥ ಅವಿವೇಕವೆಂದು ಹೇಳಬೇಕಾಗಿಲ್ಲ.

ರಾತ್ರಿ ಬಿಡುವಾಗ ಸಲಕರಣೆಯನ್ನು ತೋಳಿನಲ್ಲಿ ತೂಗಬಿಡದೆ ಹಲಗೆಗಳ ಮೇಲೆ ಇಳಿಸುವ ರೂಢಿಯೂ ಇದೆ. ಬರಿಯ ನೆಲದ ಮೇಲಿಟ್ಟರೆ ಬೆಳಗಾಗುವುದರೊಳಗೆ ಅದು ನೆಲಕ್ಕೆ ಹೆಪ್ಪುಗಟ್ಟಿ ಅಂಟಿರುತ್ತದೆ. ಆಗ ತೋಳುಗಳು ಭೂಮಿಯನ್ನೇ ಎತ್ತಹೋದಂತಾಗುವುದು.

ಇತ್ತ ಫರ್ಗುಸನ್ನನ ಬಾಳು ಶಾಂತವಾಗಿರಲಿಲ್ಲ. ಹೆನ್ರಿ ಫೋರ್ಡನು ೧೯೪೭ರಲ್ಲಿ ತೀರಿಕೊಂಡನು. ಕಂಪನಿಯ ಆಡಳಿತ ಆ ವೇಳೆಗಾಗಲೇ ಮೊಮ್ಮಗನ ಕೈ ಸೇರಿತ್ತು. ಕೈಕುಲುಕಿ ಮಾಡಿಕೊಂಡ ಒಪ್ಪಂದ ಆ ವರ್ಷವೇ ಮುರಿಯಿತು. ಅವನ ಹೈಡ್ರಾಲಿಕ್ ರಚನೆಯನ್ನೇ ಬಳಸಿದ ಹೊಸ ಟ್ರಾಕ್ಟರನ್ನು ಫೋರ್ಡ್ ಕಂಪನಿ ಮಾರುಕಟ್ಟೆಗೆ ತಂದಿತು. ಫರ್ಗುಸನ್ ಇಪ್ಪತ್ತೈದು ಕೋಟಿ ಡಾಲರಿಗೂ ಮಿಗಿಲಾದ ಪರಿಹಾರ ಕೇಳಿ ದಾವೆ ಹೂಡಿದನು. ನಾಲ್ಕು ವರ್ಷಗಳ ವ್ಯಾಜ್ಯ ಅವನ ಆರೋಗ್ಯವನ್ನು ಕುಗ್ಗಿಸಿತು. ೧೯೫೨ರಲ್ಲಿ ೯೨ ಲಕ್ಷ ೫೦ ಸಾವಿರ ಡಾಲರುಗಳಿಗೆ ರಾಜಿಯಾಯಿತು. ಹಣ ಅವನು ಕೇಳಿದ್ದರಲ್ಲಿ ಅಲ್ಪಭಾಗ. ಆದರೂ ದೈತ್ಯ ಕಂಪನಿಯೊಂದು ಒಬ್ಬ ಸಂಶೋಧಕನಿಗೆ ಹಣ ತೆತ್ತಿತೆಂಬುದು ಆ ಕಾಲಕ್ಕೆ ದೊಡ್ಡ ಸುದ್ದಿಯೇ. ಮರುವರ್ಷ ಅವನು ತನ್ನ ಉದ್ಯಮವನ್ನು ಕೆನಡಾದ ಮ್ಯಾಸೀ ಹ್ಯಾರಿಸ್ ಕಂಪನಿಯೊಡನೆ ಕೂಡಿಸಿದನು. ಬೆಲೆಯಲ್ಲಿ ಹತ್ತು ಲಕ್ಷ ಡಾಲರುಗಳ ವ್ಯತ್ಯಾಸ ಉಳಿದಾಗ, ನಾಣ್ಯ ಚಿಮ್ಮಿ ತೀರ್ಮಾನಿಸೋಣವೆಂದು ತಾನೇ ಸೂಚಿಸಿ, ಸೋತು, ನಗುತ್ತ ಒಪ್ಪಿಕೊಂಡನಂತೆ. ಹೊಸ ಪಾಲುದಾರರೊಡನೆಯೂ ಅವನು ಹೆಚ್ಚು ಕಾಲ ನಿಲ್ಲಲಿಲ್ಲ. ಯಾರೊಡನೆಯೂ ಬಾಗಿ ನಡೆಯುವುದು ಅವನ ಸ್ವಭಾವದಲ್ಲಿರಲಿಲ್ಲ. ಯಂತ್ರದಲ್ಲಿ ಗುಣವಾದ ಬಿಗಿ ಮನುಷ್ಯರ ನಡುವೆ ದೋಷವಾಯಿತು.

ಅವನು ಕಂಪನಿಯಿಂದ ಹೊರಬಂದ ಮೇಲೆ ಅವನ ಟ್ರಾಕ್ಟರು ಯಾರೂ ಎಣಿಸದ ಒಂದು ಯಾತ್ರೆ ಮಾಡಿತು. ೧೯೫೩ರಲ್ಲಿ ತೇನ್‌ಸಿಂಗನೊಡನೆ ಎವರೆಸ್ಟನ್ನು ಏರಿದ ಎಡ್ಮಂಡ್ ಹಿಲರಿ, ದಕ್ಷಿಣ ಧ್ರುವ ಪ್ರದೇಶದ ಕಾಮನ್‌ವೆಲ್ತ್ ಸಾಹಸಯಾತ್ರೆಯಲ್ಲಿ ನ್ಯೂಜಿಲೆಂಡ್ ತಂಡದ ನಾಯಕನಾಗಿದ್ದನು. ಅವನು ಆರಿಸಿಕೊಂಡದ್ದು ಹೊಲದಲ್ಲಿ ಉಳುವ ಈ ಬೂದು ಟ್ರಾಕ್ಟರುಗಳನ್ನು. ಚಕ್ರಗಳ ಸುತ್ತ ಪಟ್ಟಿ ತೊಡಿಸಿ, ಮೇಲೆ ಕಬ್ಬಿಣದ ಚೌಕಟ್ಟು ಕಟ್ಟಿ, ಅವುಗಳನ್ನು ಹಿಮದ ಪಯಣಕ್ಕೆ ಅಣಿಗೊಳಿಸಿದರು. ೧೯೫೭ರ ಅಕ್ಟೋಬರ್ ೧೪ರಂದು ಸ್ಕಾಟ್ ಬೇಸ್ ಎಂಬ ನೆಲೆಯಿಂದ ಹೊರಟ ಈ ಟ್ರಾಕ್ಟರುಗಳು ಸಾಮಾನಿನ ಜಾರುಬಂಡಿಗಳನ್ನು ಎಳೆಯುತ್ತ, ಸ್ಕೆಲ್ಟನ್ ಹಿಮನದಿಯನ್ನೇರಿ, ಬಿಳಿಯ ಪ್ರಸ್ಥಭೂಮಿಯನ್ನು ಸೇರಿದುವು. ಹಿಮದ ಹೊದಿಕೆಯ ಕೆಳಗೆ ಬಾಯ್ದೆರೆದ ಕಂದರಗಳಿದ್ದುದರಿಂದ ಅವುಗಳನ್ನು ಒಂದಕ್ಕೊಂದು ಹಗ್ಗದಿಂದ ಬಿಗಿದಿದ್ದರು. ಒಂದು ಕುಸಿದರೆ ಉಳಿದವು ತಡೆಯಬೇಕು. ನೇಗಿಲೆತ್ತುವ ಕೆಲಸ ಅಲ್ಲಿರಲಿಲ್ಲ, ನಿಜ. ಆದರೆ ಗೇರುಗಳು ಮುಳುಗಿದ್ದ ಆ ಒಡಲು, ಉತ್ತರದ ರೈತರನ್ನು ಕಾಡಿದ ಆ ಚಳಿ ಇಲ್ಲಿ ನೂರ್ಮಡಿಯಾಗಿ ಎದುರಾಯಿತು. ಜಿಮ್ ಬೇಟ್ಸ್, ಮರ್ರೆ ಎಲ್ಲಿಸ್ ಎಂಬ ಯಂತ್ರನಿಪುಣರು ಮರಗಟ್ಟಿದ ಬೆರಳುಗಳಿಂದಲೇ ಅವುಗಳನ್ನು ದುರಸ್ತಿ ಮಾಡುತ್ತ ನಡೆಸಿದರು. ೧೯೫೮ರ ಜನವರಿ ೪ರಂದು ಮೂರು ಫರ್ಗುಸನ್ ಟ್ರಾಕ್ಟರುಗಳು ದಕ್ಷಿಣ ಧ್ರುವವನ್ನು ಮುಟ್ಟಿದುವು. ಸುಮಾರು ೨೦೦೦ ಕಿಲೋಮೀಟರುಗಳ ದಾರಿ. ತಲುಪಿದಾಗ ಉಳಿದಿದ್ದ ಇಂಧನ ಅತ್ಯಲ್ಪ. ೧೯೧೨ರಲ್ಲಿ ಸ್ಕಾಟ್ ಹೋದ ಮೇಲೆ ನೆಲದ ಮಾರ್ಗವಾಗಿ ಅಲ್ಲಿಗೆ ಬಂದವರು ಇವರೇ. ಮೋಟಾರು ವಾಹನಗಳಂತೂ ಅದಕ್ಕೆ ಮುಂಚೆ ನೆಲದ ಮೇಲೆ ಓಡಿ ಅಲ್ಲಿಗೆ ತಲುಪಿರಲಿಲ್ಲ.

ಫರ್ಗುಸನ್ ಆ ವೇಳೆಗೆ ಕಾರುಗಳಿಗೆ ನಾಲ್ಕೂ ಚಕ್ರಗಳಿಂದ ಚಾಲನೆ ಕೊಡುವ ಪ್ರಯೋಗಗಳಲ್ಲಿ ಮುಳುಗಿದ್ದನು. ಅದರ ಫಲವನ್ನು ಪೂರ್ಣವಾಗಿ ಕಾಣುವ ಭಾಗ್ಯ ಅವನಿಗಿರಲಿಲ್ಲ. ೧೯೬೦ರ ಅಕ್ಟೋಬರ್ ೨೫ರಂದು ಇಂಗ್ಲೆಂಡಿನ ಸ್ಟೋ ಆನ್ ದಿ ವೋಲ್ಡ್ ಎಂಬಲ್ಲಿಯ ತನ್ನ ಮನೆಯಲ್ಲಿ ಅವನು ತೀರಿಕೊಂಡನು. ಅದೇ ವರ್ಷ ಮದರಾಸಿನಲ್ಲಿ ಟಾಫೆ ಎಂಬ ಕಂಪನಿ ಸ್ಥಾಪಿತವಾಗಿ, ಮ್ಯಾಸೀ ಫರ್ಗುಸನ್ ಹೆಸರಿನ ಟ್ರಾಕ್ಟರುಗಳನ್ನು ಭಾರತದಲ್ಲಿ ತಯಾರಿಸತೊಡಗಿತು. ಕರ್ನಾಟಕದ ಹೊಲಗಳಲ್ಲಿ ಇಂದು ಯಾವ ಕಂಪನಿಯ ಟ್ರಾಕ್ಟರು ಉಳುತ್ತಿದ್ದರೂ ಅದರ ಹಿಂದೆ ಸಾಮಾನ್ಯವಾಗಿ ಕಾಣುವುದು ಆ ಮೂರು ತೋಳುಗಳೇ. ಎಪ್ಪತ್ತು ವರ್ಷ ದಾಟಿದ ಬೂದು ಟ್ರಾಕ್ಟರುಗಳು ಐರ್ಲೆಂಡ್, ಸ್ವೀಡನ್, ನಾರ್ವೆಗಳ ಕೊಟ್ಟಿಗೆಗಳಲ್ಲಿ ಇನ್ನೂ ಇವೆ. ಶರತ್ಕಾಲದ ಕೊನೆಯ ದಿನಗಳಲ್ಲಿ ಅವುಗಳ ಯಜಮಾನರು ಅಡಿಯಲ್ಲಿ ಮಲಗಿ, ತಳದ ಬಿರಡೆಯನ್ನು ಸಡಿಲಿಸಿ, ಡಬ್ಬಿಗೆ ನೀರು ಬೀಳುವುದೋ ಎಣ್ಣೆ ಬೀಳುವುದೋ ಎಂದು ನೋಡುತ್ತಾರೆ.